ಮೂರು ಸಲ ಏರಿಸಿದ ಸೀಟು

ಸೀಟು ಏರಿಸಿದ್ದು ನಾನೇ. ಒಂದು ಸಲ ಅಲ್ಲ, ಮೂರು ಸಲ. ಪ್ರತಿ ಸಲವೂ ಅಳತೆ ಟೇಪು ಹಿಡಿದು, ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಮಹಾ ತಿಳಿದವನ ಹಾಗೆ ತಲೆಯಾಡಿಸಿ ಏರಿಸಿದೆ. ಆಮೇಲೆ ಅದನ್ನು ಓಡಿಸಲಾರದೆ ಒದ್ದಾಡಿದ ಹುಡುಗಿಯ ಮೇಲೇ ರೇಗಿದೆ. ಈಗಲೂ ನೆನಪಾದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕೂಕಟ್‌ಪಲ್ಲಿಯ ಮೆಟ್ರೊ ಕಂಬಗಳ ಸಾಲಿನಿಂದ ಎರಡು ಗಲ್ಲಿ ಒಳಗೆ ನನ್ನ ಸೈಕಲ್ ಅಂಗಡಿ. ಗುರುಮಠಕಲ್ ಕಡೆಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಹೈದರಾಬಾದಿಗೆ ಬಂದ ಅಪ್ಪ ಅವ್ವನ ಜೊತೆ ಬಂದವನು ನಾನು. ಹನ್ನೆರಡು ವರ್ಷದವನಿದ್ದಾಗ ಎಡಗಾಲಿನ ತೊಡೆ ಎಲುಬಿನ ತುದಿಯಲ್ಲಿ, ಮೊಣಕಾಲಿನ ಮೇಲ್ಗಡೆ, ಕ್ಯಾನ್ಸರ್ ಗಡ್ಡೆ ಬಂತು. ವರ್ಷವಿಡೀ ಔಷಧಿ ಏರಿಸಿದರು. ನಡುವೆ ಆಪರೇಷನ್ ಮಾಡಿ ಕೆಟ್ಟ ಎಲುಬು ತೆಗೆದು ಲೋಹದ ಕೀಲು ಕೂರಿಸಿದರು. ಬದುಕಿದೆ, ಕಾಲೂ ಉಳಿಯಿತು. ಆದರೆ ಆ ಮೊಣಕಾಲು ಒಂದು ಮಟ್ಟಕ್ಕಿಂತ ಹೆಚ್ಚು ಬಾಗುವುದಿಲ್ಲ. ಸಾದಾ ಸೈಕಲ್ ಹತ್ತಿದರೆ ಪೆಡಲ್ ಮೇಲೆ ಬರುವ ಹೊತ್ತಿಗೆ ಕಾಲು ಅಡ್ಡ ನಿಂತು, ಸೈಕಲ್ಲೂ ನಾನೂ ಪಕ್ಕಕ್ಕೆ ವಾಲುತ್ತಿದ್ದೆವು. ಕೊನೆಗೆ ನಾನೇ ತಲೆ ಓಡಿಸಿ, ಎಡಗಡೆಯ ಪೆಡಲ್ ಹಿಡಿದಿರುವ ಕಬ್ಬಿಣದ ತೋಳನ್ನು, ಅಂದರೆ ಕ್ರ್ಯಾಂಕನ್ನು, ಗಿಡ್ಡ ಮಾಡಿದೆ. ಸೀಟು ಏರಿಸಿದೆ. ಪೆಡಲ್ ಸಣ್ಣ ಸುತ್ತು ಸುತ್ತಿದರೆ ಮೊಣಕಾಲು ಕಡಿಮೆ ಬಾಗಿದರೂ ಸಾಕಾಗುತ್ತದೆ. ಅಂದಿನಿಂದ ಇಂದಿನವರೆಗೂ ಆ ಸೈಕಲ್ ಮೇಲೆಯೇ ಓಡಾಡುತ್ತಿದ್ದೇನೆ. ಈ ಒಂದು ವಿದ್ಯೆ ನನಗೆ ಗೊತ್ತು ಎಂಬ ಜಂಬವೇ ಮುಂದಿನ ಎಲ್ಲ ರಗಳೆಗೂ ಮೂಲ.

ಚಳಿಗಾಲ ಶುರುವಾದಾಗ ಒಬ್ಬ ಸಂಯೋಜಕ ಅಂಗಡಿಗೆ ಬಂದ. ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆಂದು ಊರೂರುಗಳಿಂದ ಬರುವ ತಾಯಂದಿರಿಗೆ ಆಸ್ಪತ್ರೆಯ ಹತ್ತಿರ ಉಳಿದುಕೊಳ್ಳಲು ಒಂದು ಮನೆ ಮಾಡಬೇಕು, ಅದಕ್ಕೆ ಹಣ ಕೂಡಿಸಲು ಆಸ್ಪತ್ರೆಯ ಗೇಟಿನ ತನಕ ಸೈಕಲ್ ಸವಾರಿ, ಸವಾರರ ಸೈಕಲ್ಲುಗಳನ್ನೆಲ್ಲ ನೀವು ನೋಡಿಕೊಡಬೇಕು, ಸವಾರಿಯ ದಿನ ಪಾನಾ ಸ್ಪ್ಯಾನರುಗಳ ಚೀಲ ಹೊತ್ತು ಹಿಂದೆ ಬರಬೇಕು ಅಂದ. ನನ್ನವ್ವ ಆ ವರ್ಷವೆಲ್ಲ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಣಿತಾಟು ಹಾಸಿಕೊಂಡು ಮಲಗಿದ್ದವಳು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ನನಗೂ ಆ ರೋಗ ಬಂದಿತ್ತು ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಪಾನಾ ಕಸಿದುಕೊಂಡು ಕೈಗೆ ಮೈಕು ಕೊಡುತ್ತಿದ್ದ. ಅಂಥ ಆಸಾಮಿ ಅವನು. ಬ್ರೇಕ್ ರಬ್ಬರ್ ಬೇಕು ಅಂದರೆ ಟೀ ಶರ್ಟಿನ ಬಣ್ಣದ ಬಗ್ಗೆ ಹೇಳುತ್ತಿದ್ದ. ಗುಂಪಿನ ವಾಟ್ಸಾಪಿನಲ್ಲಿ ಬೆಳಿಗ್ಗೆ ಎದ್ದರೆ ನೂರು ಶುಭೋದಯ, ಒಂದು ಕೆಲಸದ ಮಾತಿಲ್ಲ. ಏನು ಕೇಳಿದರೂ ಒಂದೇ ಉತ್ತರ: "ಟೆನ್ಷನ್ ಮತ್ ಲೋ ಭಯ್ಯಾ," ಚಿಂತೆ ಬೇಡ ಅಣ್ಣಾ ಎಂದು. ಟೆನ್ಷನ್ ಎಲ್ಲ ಅವನ ಪಾಲಿನದೂ ಸೇರಿ ನನಗೇ ಬರುತ್ತಿತ್ತು.

ಒಂದು ಮಧ್ಯಾಹ್ನ ಆ ಹುಡುಗಿ ಬಂದಳು. ಇಪ್ಪತ್ತನಾಲ್ಕು ಇಪ್ಪತ್ತೈದರ ಪ್ರಾಯ. ಜೀಡಿಮೆಟ್ಲಾದ ಒಂದು ಔಷಧಿ ಕಂಪನಿಯಲ್ಲಿ ಗುಳಿಗೆ ಪರೀಕ್ಷೆ ಮಾಡುವ ಕೆಲಸ. ಮನೆ ಮಲ್ಕಾಜ್‌ಗಿರಿ, ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಮೂಲ ರಾಯಚೂರು. ಇದೆಲ್ಲ ಆಮೇಲೆ ತಿಳಿದದ್ದು. ಮೊದಲು ಕಂಡದ್ದು ಅವಳ ನಡಿಗೆ. ಎಡಗಾಲನ್ನು ಸೊಂಟದಿಂದ ಎತ್ತಿ ಇಡುವ ಆ ನಡಿಗೆಯನ್ನು ನಾನು ದಿನಾ ಅಂಗಡಿಗಳ ಗಾಜಿನಲ್ಲಿ ನೋಡುತ್ತೇನೆ. ಅವಳೂ ನಾನು ಸ್ಟೂಲಿನಿಂದ ಎದ್ದದ್ದನ್ನು ನೋಡಿದಳು.

"ಅಣ್ಣಾ, ನಿಮ್ದೂನೂ?" ಅಂದಳು.

"ಹ್ಞೂಂ. ಹನ್ನೆರಡಕ್ಕ."

"ನಂದು ಹನ್ನೊಂದಕ್ಕ."

"ಸಂಯೋಜಕಗ ಹೇಳಬ್ಯಾಡವ್ವ, ಕೈ ಮುಗೀತೀನಿ."

ಅವಳು ನಕ್ಕಳು. ಅವಳ ಸಂಕಟವೂ ಅದೇ ಆಗಿತ್ತು. ಅವಳು ಹಳೆಯ ರೋಗಿ ಎಂಬುದು ಸಂಯೋಜಕನಿಗೆ ಗೊತ್ತಾಗಿಹೋಗಿತ್ತು. ಸೈಕಲ್ ಸಾಲಿನ ಮುಂದೆ ಒಂದು ತೆರೆದ ಜೀಪು, ಅದಕ್ಕೆ ಬಲೂನು, 'ಗೆದ್ದವಳು' ಎಂಬ ಬ್ಯಾನರು, ಅದರಲ್ಲಿ ಇವಳು ನಿಂತು ಕೈ ಬೀಸಬೇಕು. ಇವಳು ಆಗುವುದಿಲ್ಲ, ಸೈಕಲ್ ಮೇಲೇ ಬರುತ್ತೇನೆ ಎಂದು ಹಟ ಹಿಡಿದಿದ್ದಳು. ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಒಂದು ಷರತ್ತು ಹಾಕಿದ್ದರು: ಸವಾರಿಗೆ ಒಂದು ವಾರ ಮೊದಲಿನ ಶನಿವಾರ ಬೆಳಿಗ್ಗೆ, ಅವರ ಕಣ್ಣೆದುರು ಐದು ಕಿಲೋಮೀಟರ್ ನಿಲ್ಲದೆ ಓಡಿಸಬೇಕು, ಯಾರೂ ಹಿಡಿಯದೆ ಹತ್ತಿ ಇಳಿಯಬೇಕು. ಓಡಿಸಿದರೆ ಸಹಿ, ಇಲ್ಲದಿದ್ದರೆ ಜೀಪು.

"ಆಸ್ಪತ್ರಿಗೆ ನಾನು ಆಟೋದಾಗ ಹೋಗೀನಿ, ಆಂಬುಲೆನ್ಸ್‌ನ್ಯಾಗ ಹೋಗೀನಿ, ಅಪ್ಪನ ಹೆಗಲ ಮ್ಯಾಲ ಹೋಗೀನಿ" ಅಂದಳು. "ಆ ಗೇಟಿನ್ಯಾಗ ಒಂದ್ ಸಲ ನನ್ನ ಕಾಲ ಮ್ಯಾಲ ನಾನ ಹೋಗಬೇಕಣ್ಣಾ."

ಮೇಡಂ ಕೊಟ್ಟ ಒಂದು ಚೀಟಿಯನ್ನೂ ಅವಳು ಮುಂದೆ ಚಾಚಿದಳು. ಇಂಗ್ಲಿಷಿನಲ್ಲಿ ಏನೇನೋ ಅಳತೆಗಳಿದ್ದವು. ನಾನು ಅದನ್ನು ಬಿಡಿಸಿಯೂ ನೋಡದೆ ಗ್ರೀಸ್ ಡಬ್ಬಿಯ ಕೆಳಗೆ ಸಿಕ್ಕಿಸಿದೆ. ಅದೇ ರೋಗ, ಅದೇ ಎಡಗಾಲು, ಅದೇ ಮೊಣಕಾಲು. ನನಗೆ ಚೀಟಿ ಯಾಕೆ ಬೇಕು? ಇಡೀ ಶಹರದಲ್ಲಿ ಈ ಕಾಲಿಗೆ ಸೈಕಲ್ ಕೂರಿಸಬಲ್ಲವನು ನಾನೊಬ್ಬನೇ ಎಂದುಕೊಂಡೆ. ಕೈಯಲ್ಲಿ ಹದಿನೆಂಟು ದಿನಗಳಿದ್ದವು.

ಮೊದಲು ಕ್ರ್ಯಾಂಕು. ಅವಳು ತಂದದ್ದು ಏಳು ಗೇರಿನ ಹಗುರ ಸೈಕಲ್. ಅದರ ಎಡಗಡೆಯ ಕ್ರ್ಯಾಂಕಿನಲ್ಲಿ, ಈಗಿರುವ ತೂತಿಗಿಂತ ನಾಲ್ಕು ಬೆರಳು ಒಳಗೆ, ಪೆಡಲ್ ಕೂರುವ ಇನ್ನೊಂದು ತೂತು ಕೊರೆದು ಚೂಡಿ, ಅಂದರೆ ತಿರುಪಿನ ಸುತ್ತುಗೆರೆ, ಹಾಕಿಸಬೇಕು. ಜೀಡಿಮೆಟ್ಲಾದಲ್ಲಿ ನನಗೆ ಗೊತ್ತಿರುವ ಒಬ್ಬ ಲೇತ್ ಮಿಸ್ತ್ರಿ ಇದ್ದಾನೆ. ಹಣ್ಣು ಹಣ್ಣು ಮುದುಕ, ಕೈ ಮಾತ್ರ ಕಲ್ಲಿನ ಹಾಗೆ ಗಟ್ಟಿ. ಸೈಕಲ್ಲಿನ ಎಡ ಪೆಡಲ್ಲಿಗೆ ಉಲ್ಟಾ ಚೂಡಿ ಇರುತ್ತದೆ, ಎಲ್ಲ ನಟ್ಟುಗಳ ಹಾಗೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುವುದಿಲ್ಲ, ಎಡಕ್ಕೆ ತಿರುಗಿಸಬೇಕು. ಇದನ್ನು ಅವನಿಗೆ ತೆಲುಗಿನಲ್ಲಿ ಎರಡು ಸಲ, ಹಿಂದಿಯಲ್ಲಿ ಒಂದು ಸಲ ಹೇಳಿದೆ. ಕ್ರ್ಯಾಂಕಿನ ಮೇಲೆ ಸೀಮೆಸುಣ್ಣದಿಂದ ಬಾಣ ಬರೆದೆ. ಅವನು ನನ್ನ ಅಪ್ಪ ಹುಟ್ಟುವ ಮೊದಲಿನಿಂದ ಚೂಡಿ ಕೊಯ್ಯುತ್ತಿದ್ದೇನೆ ಎಂದು ಕೈ ಬೀಸಿ ಕಳಿಸಿದ. ನಾಲ್ಕು ದಿನ ಬಿಟ್ಟು ಕೊಟ್ಟ. ಎಷ್ಟು ಅಚ್ಚುಕಟ್ಟು! ತೂತಿನ ಅಂಚಿಗೆ ಪಾಲಿಷ್ ಬೇರೆ. ಚೂಡಿ ಮಾತ್ರ ಸೀದಾ.

ನಾನಾದರೂ ನೋಡಬೇಕಿತ್ತಲ್ಲ? ಆ ಎಡ ಪೆಡಲ್ ಕೂರಲಿಲ್ಲ. ಕೈಯಲ್ಲಿದ್ದ ಒಂದು ಹಳೆಯ ಬಲ ಪೆಡಲ್ ಹಚ್ಚಿದೆ, ಸರಕ್ಕನೆ ಕೂತಿತು. ಆತುರದಲ್ಲಿ, ಇವತ್ತೊಂದಿನ ನಡೆಯಲಿ, ಗಲ್ಲಿಯಲ್ಲಿ ಎರಡು ಸುತ್ತು ನೋಡೋಣ ಎಂದು ಅವಳನ್ನು ಹತ್ತಿಸಿದೆ. ಬಲ ಪೆಡಲ್ ಎಡಗಡೆ ಇದ್ದರೆ ತುಳಿದಂತೆಲ್ಲ ತಾನೇ ಬಿಚ್ಚಿಕೊಳ್ಳುತ್ತದೆ, ಹದಿನೈದು ವರ್ಷದಿಂದ ಇದೇ ಕೆಲಸ ಮಾಡುವ ಮೆಕ್ಯಾನಿಕ್ಕಿಗೆ ಗೊತ್ತಿರದ ಸಂಗತಿಯೇನಲ್ಲ. ಇಸ್ತ್ರಿ ಅಂಗಡಿಯ ಮುಂದೆ ಹೋಗುವಷ್ಟರಲ್ಲಿ ಪೆಡಲ್ ಕಳಚಿ ಬಿತ್ತು, ಅವಳು ಇಸ್ತ್ರಿಯವನ ಬಟ್ಟೆಗಂಟಿನ ಮೇಲೆ ಬಿದ್ದಳು. ಏಟಾಗಲಿಲ್ಲ. ಆದರೆ ಒಗೆದ ಬೆಡ್‌ಶೀಟಿಗೆ ಚೈನಿನ ಎಣ್ಣೆ ಹತ್ತಿತು ಎಂದು ಅವನು ಗಲ್ಲಿ ಕೇಳುವ ಹಾಗೆ ಬೈದ. ಬೈಸಿಕೊಂಡೆ.

ಮತ್ತೊಂದು ಕ್ರ್ಯಾಂಕು ಹುಡುಕಿ, ಮತ್ತೆ ಜೀಡಿಮೆಟ್ಲಾಕ್ಕೆ ಹೋಗಿ, ಈ ಸಲ ಮುದುಕನ ಪಕ್ಕದಲ್ಲೇ ನಿಂತು ಉಲ್ಟಾ ಚೂಡಿ ಹಾಕಿಸಿದೆ. ಅವನು ಉದ್ದಕ್ಕೂ ಗೊಣಗುತ್ತಲೇ ಇದ್ದ. ಹದಿನೆಂಟರಲ್ಲಿ ಎಂಟು ದಿನ ಹೋಗಿದ್ದವು.

ಹೊರವರ್ತುಲ ರಸ್ತೆಯ ಬದಿಯಲ್ಲಿ ಸೋಲಾರ್ ಚಪ್ಪರದ ಕೆಳಗೆ ಸೈಕಲ್ ಓಡಿಸುವವರಿಗೆಂದೇ ದಾರಿ ಮಾಡಿದ್ದಾರಲ್ಲ, ಅಲ್ಲಿಗೆ ಭಾನುವಾರ ಬೆಳಿಗ್ಗೆ ಹೋದೆವು. ಅವಳು ಹತ್ತಿದಳು. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಸೊಂಟ ಅತ್ತಿಂದಿತ್ತ ಅಲ್ಲಾಡತೊಡಗಿತು. ಪೆಡಲ್ ಕೆಳಗೆ ಹೋದಾಗಲೆಲ್ಲ ಎಡಪಾದ ಜಾರಿ ಹೊರಗೆ ಬರುತ್ತಿತ್ತು. ನಿಲ್ಲಿಸಿದಳು. ಮುಖ ಬೆವೆತಿತ್ತು.

"ನೋವೈತೇನು?"

"ಇಲ್ಲಣ್ಣಾ. ಆರಾಮ್ ಐತಿ."

ನೋವಿಲ್ಲ ಅಂದಮೇಲೆ ಅಳತೆಯದೇ ತಪ್ಪು. ಮೊಣಕಾಲು ಮೇಲೆ ಬರುವಾಗ ಬಾಗಲಾರದೆ ಸೊಂಟ ಎಳೆಯುತ್ತಿದೆ ಎಂದು ಲೆಕ್ಕ ಹಾಕಿದೆ. ನನಗೆ ಹಾಗೇ ಆಗಿತ್ತಲ್ಲ. ಸೀಟನ್ನು ಒಂದು ಬೆರಳು ಏರಿಸಿದೆ. ಸ್ವಲ್ಪ ದೂರ ಹೋದಳು, ಮತ್ತೆ ಅದೇ. ಇನ್ನೊಂದು ಬೆರಳು ಏರಿಸಿದೆ. ಈ ಸಲ ಸೈಕಲ್ ನಿಲ್ಲಿಸಲು ಹೋಗಿ ನೆಲಕ್ಕೆ ಕಾಲು ಎಟುಕದೆ, ಹಾಗೇ ಸೈಕಲ್ ಸಮೇತ ಪಕ್ಕಕ್ಕೆ ಉರುಳಿದಳು. ಮೊಣಕೈ ತರಚಿತು. ಎಬ್ಬಿಸಿದೆ.

"ನೋವಾಯ್ತೇನವ್ವ?"

"ಇಲ್ಲಿಲ್ಲ. ಆರಾಮ್ ಐತಿ" ಅಂದು ನಕ್ಕಳು.

ಬುಧವಾರ ಅಂಗಡಿಗೆ ಅವಳ ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ನಿಂತೇ ಮಾತಾಡಿದರು. ದನಿ ಏರಿಸಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

"ನೋಡ್ರಿ ಮಿಸ್ತ್ರಿ, ಆಕಿ ಜೀವ ಉಳೀತು, ಕಾಲು ಉಳೀತು. ಇನ್ನ ಬಿದ್ದು ಆ ಕೀಲು ಮುರಕೊಂಡ್ರ ಮತ್ತ ಆಪರೇಷನ್ನು. ಜೀಪಿನ್ಯಾಗ ಕುಂತ್ರ ಏನ್ ಹೋಗ್ತೈತ್ರಿ? ಕೈ ಬೀಸೂದು ಕೆಟ್ಟ ಕೆಲಸ ಏನಲ್ಲಲ್ಲ."

"ನಾನ ಬ್ಯಾಡಂತೀನೇನ್ರಿ? ನಿಮ್ಮ ಮಗಳಿಗೆ ಹೇಳ್ರಿ" ಅಂದೆ.

"ಆಕಿ ನನ್ನ ಮಾತು ಕೇಳಿದ್ರ ನಿಮ್ಮ ಅಂಗಡಿಗೆ ಯಾಕ ಬರ್ತಿದ್ದೆ?"

ಅವರು ಹೋದ ಹಿಂದೆಯೇ ಸಂಯೋಜಕನ ಫೋನು. ಜೀಪಿನ ಬ್ಯಾನರು ಅಚ್ಚಾಗಿ ಬಂದಿದೆ, ಹುಡುಗಿಯ ಫೋಟೊ ಬಹಳ ಚೆನ್ನಾಗಿ ಬಂದಿದೆ ಅಂದ. ಅವಳು ಸೈಕಲ್ ಮೇಲೆ ಬರುತ್ತಾಳೆ ಎಂದರೆ, ಬರಲಿ ಭಯ್ಯಾ, ಟೆನ್ಷನ್ ಬೇಡ, ಆದರೂ ಬ್ಯಾನರ್ ಇರಲಿ ಅಂದ. ಇಪ್ಪತ್ತು ಸೈಕಲ್ಲಿನ ಬ್ರೇಕು ಇನ್ನೂ ನೋಡಬೇಕಿತ್ತು. ಫೋನನ್ನು ತೆಗೆದು ಟ್ಯೂಬುಗಳ ರಾಶಿಯೊಳಗೆ ಎಸೆದೆ.

ಗುರುವಾರ ಸಂಜೆ ಬೆಳಕಿರುವಾಗಲೇ ಅವಳು ಕೆಲಸ ಮುಗಿಸಿ ಬಂದಳು. ಪರೀಕ್ಷೆಗೆ ಉಳಿದದ್ದು ಶುಕ್ರವಾರ ಒಂದು ದಿನ. ಸೀಟನ್ನು ಮೂರನೇ ಸಲ ಏರಿಸಿದೆ. ಅಪ್ಪನ ಕಾಲದ ತೂಗುಗುಂಡು ಇಳಿಬಿಟ್ಟು ಮೊಣಕಾಲಿಗೂ ಪೆಡಲ್ಲಿಗೂ ಸರಿ ನೋಡಿದೆ. ಅಪ್ಪ ಅದರಿಂದ ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದ, ನಾನು ಕಾಲು ನೋಡುತ್ತೇನೆ. ಗುಂಡಿನ ಲೆಕ್ಕ ಸರಿಯಾಗಿತ್ತು. ಅವಳು ಗಲ್ಲಿಯಲ್ಲಿ ಹೋದಳು, ಇಪ್ಪತ್ತು ಗಜದಲ್ಲಿ ಪಾದ ಜಾರಿತು, ಗೋಡೆ ಹಿಡಿದು ನಿಂತಳು.

ನನ್ನ ತಾಳ್ಮೆ ಅಲ್ಲಿಗೆ ಹರಿದುಹೋಯಿತು.

"ಎಷ್ಟ್ ಸಲ ಹೇಳಬೇಕವ್ವ? ಒತ್ತಿ ತುಳಿ, ಕಾಲು ನೆಟ್ಟಗ ಮಾಡಿ ಪೂರ್ತಿ ತುಳಿ! ನಾನು ಇದ ಕಾಲಿಟ್ಕೊಂಡು ಹದಿನೈದು ವರ್ಷದಿಂದ ಹೊಡ್ಯಾಕತ್ತೀನಿ. ನನಗ ಆಗಿದ್ದು ನಿನಗ್ಯಾಕ ಆಗವಲ್ದು? ಮನಸ್ಸಿಲ್ಲಂದ್ರ ಹೇಳು, ಜೀಪಿನ್ಯಾಗ ಕುಂಡ್ರು!"

ಇಸ್ತ್ರಿಯವನು ಕೂಡ ಕೈ ನಿಲ್ಲಿಸಿ ನೋಡಿದ. ಅವಳ ಎಡತೊಡೆ ಪ್ಯಾಂಟಿನ ಒಳಗೆ ಗಡಗಡ ನಡುಗುತ್ತಿದ್ದುದು ಹೊರಗೇ ಕಾಣುತ್ತಿತ್ತು.

"ನೋಯಾಕತ್ತೈತೇನು?" ಅಂದೆ, ಇನ್ನೂ ಸಿಟ್ಟಿನಲ್ಲೇ.

"ಇಲ್ಲಣ್ಣಾ. ಆರಾಮ್ ಐತಿ."

ಆಗ ಕೇಳಿಸಿತು. ಮಾತಲ್ಲ, ಅದನ್ನು ಹೇಳಿದ ರೀತಿ. ತುಟಿಯಲ್ಲಿ ನಗು, ಸ್ವಲ್ಪ ಬೇಗ ಬಂದ ಉತ್ತರ, ಕಣ್ಣು ಕೇಳಿದವನ ಮೇಲಲ್ಲ, ಅವನ ಹಿಂದೆ ಎಲ್ಲೋ. ಈ ಉತ್ತರ ನನ್ನದು. ವಾರ್ಡಿನಲ್ಲಿ ದಿನಾ ಬೆಳಿಗ್ಗೆ ಡಾಕ್ಟರು ಬಂದು ನೋವಿದೆಯಾ ಎಂದು ಕೇಳುತ್ತಿದ್ದರು. ಅವರ ಹಿಂದೆ ಮಂಚದ ಕಾಲ್ದೆಸೆಯಲ್ಲಿ ಅವ್ವ ನಿಂತಿರುತ್ತಿದ್ದಳು. ಇದೆ ಅಂದರೆ ಮತ್ತೊಂದು ಎಕ್ಸ್‌ರೇ, ಮತ್ತೊಂದು ಸೂಜಿ, ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡುವುದು. ಇಲ್ಲ ಅಂದರೆ ಅವ್ವನ ಮುಖದಲ್ಲಿ ಅರ್ಧ ಗಂಟೆ ಬೆಳಕು. ಪಕ್ಕದ ಮಂಚದವರೂ ಹಾಗೇ ಹೇಳುತ್ತಿದ್ದರು. ನಾವು ಯಾರೂ ಒಬ್ಬರಿಗೊಬ್ಬರು ಹೇಳಿಕೊಟ್ಟಿರಲಿಲ್ಲ. ವಾರ್ಡಿಗೆ ಬಂದ ಹದಿನೈದು ದಿನಕ್ಕೆ ಎಲ್ಲರಿಗೂ ತಾನೇ ಬರುತ್ತಿತ್ತು. ನಾನು ಇವತ್ತಿಗೂ ಅವ್ವನಿಗೆ ಅದನ್ನೇ ಹೇಳುತ್ತೇನೆ.

ಪಾನಾ ಕೆಳಗಿಟ್ಟೆ. ಸ್ಟೂಲು ಎಳೆದು ಕೂರಿಸಿದೆ.

"ನಿಮ್ಮವ್ವ ಇಲ್ಲಿಲ್ಲ, ಅಪ್ಪನೂ ಇಲ್ಲ" ಅಂದೆ. "ಈಗ ಹೇಳು."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಸಿಡಿದಳು.

"ಐತಿ! ಮೊದಲನೇ ದಿನದಿಂದ ಐತಿ! ನೀವು ಸೀಟು ಏರಿಸಿದಾಗೆಲ್ಲಾ ಜಾಸ್ತಿ ಆಗ್ತೈತಿ. ನೀವಂತೂ ಕಾಲು ನೆಟ್ಟಗ ಮಾಡು, ನೆಟ್ಟಗ ಮಾಡು ಅಂತೀರಿ. ನನ್ನ ಕಾಲು ನೆಟ್ಟಗ ಆಗಂಗಿಲ್ಲಣ್ಣಾ!"

"ಅಂದ್ರ? ಬಾಗೂದಿಲ್ಲ ಅಲ್ಲೇನು?"

"ಬಾಗ್ತೈತಿ. ಚಂದಾಗಿ ಬಾಗ್ತೈತಿ." ಸ್ಟೂಲಿನ ಮೇಲೆ ಕೂತಲ್ಲೇ ಹಿಮ್ಮಡಿಯನ್ನು ಸ್ಟೂಲಿನ ಅಡಿಗೆ ಪೂರ್ತಿ ಒಯ್ದು ತೋರಿಸಿದಳು. ನಾನು ಜನ್ಮದಲ್ಲಿ ಮಾಡಲಾರದ್ದು. ಆಮೇಲೆ ಪಾದವನ್ನು ಮುಂದಕ್ಕೆ ಎತ್ತಿದಳು. ಮುಕ್ಕಾಲು ಬಂತು, ಅಲ್ಲಿ ನಿಂತಿತು. ತೊಡೆ ನಡುಗಿತು, ಮುಂದೆ ಹೋಗಲಿಲ್ಲ. "ಇಷ್ಟ. ಇದರ ಮ್ಯಾಲ ನನ್ನ ಕೈಲಿ ಎತ್ತಿದ್ರ ಮಾತ್ರ."

ಗ್ರೀಸ್ ಡಬ್ಬಿ ಎತ್ತಿ ಚೀಟಿ ತೆಗೆದೆ. ನಡುವೆ ದುಂಡಗೆ ಗ್ರೀಸಿನ ಮಚ್ಚೆ. ಅವಳು ಓದಿ ಹೇಳಿದಳು: ಗಡ್ಡೆ ಇದ್ದದ್ದು ಮೊಣಕಾಲಿನ ಕೆಳಗಿನ ಎಲುಬಿನಲ್ಲಿ. ಅದನ್ನು ತೆಗೆಯುವಾಗ ಕಾಲನ್ನು ನೆಟ್ಟಗೆ ಎತ್ತುವ ಸ್ನಾಯುವಿನ ಪಟ್ಟಿಯನ್ನು ಬಿಡಿಸಿ ಮತ್ತೆ ಹೊಲಿದಿದ್ದಾರೆ. ಬಾಗುವುದು ಪೂರ್ತಿ, ತಾನಾಗಿ ನೆಟ್ಟಗಾಗುವುದು ಇಲ್ಲ. ಸೀಟು ಎತ್ತರ ಬೇಡ. ಈ ಕೊನೆಯ ಮಾತಿನ ಕೆಳಗೆ ಮೇಡಂ ಎರಡು ಗೆರೆ ಎಳೆದಿದ್ದರು.

ನನ್ನದು ಮೇಲಿನ ಎಲುಬು, ಅವಳದು ಕೆಳಗಿನದು. ಆರು ಬೆರಳಿನ ಅಂತರ. ಅಷ್ಟಕ್ಕೇ ಕಾಲು ಪೂರ್ತಿ ಬೇರೆ. ನಾನು ಹದಿನಾರು ದಿನ ನನ್ನ ಕಾಲಿಗೆ ಸೈಕಲ್ ಹೊಂದಿಸಿ ಅದರ ಮೇಲೆ ಅವಳನ್ನು ಕೂರಿಸಿದ್ದೆ. ಯಾವ ಕೈಲಾಗದ ಮೆಕ್ಯಾನಿಕ್ಕಾದರೂ ಚೀಟಿ ಓದುತ್ತಿದ್ದ. ಆ ರೋಗ ಬಾರದ ಯಾವನೇ ಆಗಿದ್ದರೂ ಕಾಲು ಹೇಗಿದೆ ಎಂದು ಮೊದಲು ಕೇಳುತ್ತಿದ್ದ. ನಾನು ಕೇಳಲಿಲ್ಲ, ನನಗೆ ಗೊತ್ತಿತ್ತಲ್ಲ!

"ಮೊದಲ ಹೇಳಾಕ ಏನಾಗಿತ್ತವ್ವ ನಿನಗ?"

"ನೀವು ಎಲ್ಲಾ ಗೊತ್ತಿದ್ದೋರಂಗ ಮಾಡಾಕತ್ತಿದ್ರಿ. ನಿಮಗ ಆಗಿದ್ದು ನನಗ ಆಗವಲ್ದು, ನಂದ ತಪ್ಪು ಅಂದ್ಕೊಂಡೆ" ಅಂದಳು. ಆಮೇಲೆ ಅತ್ತಳು. ನನಗೆ ಅವಳ ಮುಂದೆ ಮುಖ ಎತ್ತಲಾಗಲಿಲ್ಲ. ಇಸ್ತ್ರಿಯವನಿಗೆ ಎರಡು ಚಹಾ ಹೇಳಿ ಕಳಿಸಿದೆ. ಅವನೇ ತಂದುಕೊಟ್ಟ, ಬೆಡ್‌ಶೀಟಿನ ಮಾತು ಎತ್ತಲಿಲ್ಲ.

ಹದಿನೆಂಟು ದಿನದ ಕೆಲಸವನ್ನು ಶುಕ್ರವಾರ ಒಂದೇ ದಿನದಲ್ಲಿ ತಿರುಗಾ ಮಾಡಿದೆ. ಅಂಗಡಿಯ ಶಟರ್ ಅರ್ಧ ಎಳೆದು ಬೇರೆ ಗಿರಾಕಿಗಳನ್ನು ವಾಪಸು ಕಳಿಸಿದೆ. ಅಷ್ಟು ಕಾಡಿದ ಗಿಡ್ಡ ಕ್ರ್ಯಾಂಕು ಬಿಚ್ಚಿ ಹಳೆಯದನ್ನೇ ಹಾಕಿದೆ. ಅದರ ಅಗತ್ಯವೇ ಇರಲಿಲ್ಲ. ಅವಳು ರಜೆ ಹಾಕಿ ಬಂದಿದ್ದಳು. ಸೈಕಲ್ಲನ್ನು ಸ್ಟ್ಯಾಂಡಿಗೆ ಕಟ್ಟಿ, ಅವಳನ್ನು ಕೂರಿಸಿ, ಸೀಟು ಇಳಿಸುತ್ತ ಬಂದೆ. ಈ ಸಲ ಗುಂಡು ನೋಡಲಿಲ್ಲ, ಅವಳ ಬಾಯಿ ನೋಡಿದೆ.

"ಈಗ?"

"ಐತಿ."

ಅರ್ಧ ಬೆರಳು ಇಳಿಸಿದೆ. "ಈಗ?"

"ಸ್ವಲ್ಪ ಐತಿ."

"ಎಲ್ಲಿ? ಬೆರಳಿಟ್ಟು ತೋರಿಸು."

ತೋರಿಸಿದಳು. ಇನ್ನೂ ಇಳಿಸಿದೆ. ಪೆಡಲ್ ಎಷ್ಟೇ ಕೆಳಗೆ ಹೋದರೂ ಅವಳ ಕಾಲು ತಾನು ಎತ್ತಲಾರದ ಆ ಕೊನೆಯ ಹಂತಕ್ಕೆ ಹೋಗಲೇಬಾರದು, ಅಷ್ಟೇ ಉಪಾಯ. ಪಾದ ಜಾರದಂತೆ ಎಡ ಪೆಡಲ್ಲಿಗೆ ಚರ್ಮದ ಪಟ್ಟಿ, ಎಳೆದರೆ ತಕ್ಷಣ ಬಿಚ್ಚುವಂಥದ್ದು. ಹಿಂದೆ ದೊಡ್ಡ ಹಲ್ಲುಚಕ್ರ, ಏರಿನಲ್ಲಿ ಹಗುರಾಗಲಿ ಎಂದು. ಸೀಟು ಇಳಿದದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ನಿಂತಾಗ ಬಲಗಾಲು ಪೂರ್ತಿ ನೆಲಕ್ಕೆ ಊರುತ್ತಿತ್ತು. ಹಾಗಾಗಿ ಬೀಳುವ ಭಯವೂ ಹೋಯಿತು. ನೋಡಲು ಅಷ್ಟೇನೂ ಚಂದವಿಲ್ಲ, ಮಕ್ಕಳ ಸೈಕಲ್ ಹತ್ತಿದ ದೊಡ್ಡವರ ಹಾಗೆ.

"ಈಗ?"

ಅವಳು ಹತ್ತು ಸುತ್ತು ತುಳಿದಳು. ಇಪ್ಪತ್ತು. ಸೊಂಟ ಅಲ್ಲಾಡಲಿಲ್ಲ. "ಇಲ್ಲ" ಅಂದಳು. ಕಣ್ಣು ನನ್ನ ಮೇಲೇ ಇತ್ತು.

ಶನಿವಾರ ಐದು ಕಿಲೋಮೀಟರ್ ಓಡಿಸಿದಳು. ಮೇಡಂ ಸಹಿ ಹಾಕುತ್ತ, ಚೀಟಿಯಲ್ಲಿ ಬರೆದದ್ದು ಉಪಯೋಗಕ್ಕೆ ಬಂತೇ ಎಂದು ನನ್ನನ್ನು ಕೇಳಿದರು. ಬಹಳ ಉಪಯೋಗಕ್ಕೆ ಬಂತು ಮೇಡಂ ಅಂದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳ ಅಪ್ಪ ದೂರದಲ್ಲಿ ನಿಂತು, ರೈಲು ಬಿಡುವವರ ಹಾಗೆ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಸವಾರಿಯ ದಿನ ಮುಂದೆ ಬಲೂನು ಕಟ್ಟಿದ ಜೀಪು ಹೊರಟಿತು. ಬ್ಯಾನರಿನಲ್ಲಿ ಅವಳ ಫೋಟೊ, ಒಳಗೆ ಯಾರೂ ಇಲ್ಲ. ರದ್ದು ಮಾಡಲು ಆಗಲಿಲ್ಲ ಭಯ್ಯಾ ಅಂದ ಸಂಯೋಜಕ. ಅವಳು ಸಾಲಿನ ಕೊನೆಯಲ್ಲಿ, ಅವಳ ಹಿಂದೆ ಪಾನಾ ಚೀಲ ಹೊತ್ತ ನಾನು. ಇಪ್ಪತ್ತೆರಡು ಕಿಲೋಮೀಟರಿನಲ್ಲಿ ಒಂಬತ್ತು ಪಂಕ್ಚರ್ ಹಾಕಿದೆ. ಬೆಳಿಗ್ಗೆ ಗಾಳಿ ನೋಡಿಕೊಳ್ಳಿ ಎಂದು ಬಾಯಿ ಬಡಿದುಕೊಂಡಿದ್ದೆ, ಯಾರೂ ನೋಡಿರಲಿಲ್ಲ. ಪ್ರತಿ ಪಂಕ್ಚರಿಗೂ ರಸ್ತೆ ಬದಿಯಲ್ಲಿ ಬಗ್ಗದ ಕಾಲು ಚಾಚಿ ಕೂತು, ಎದ್ದು, ಮತ್ತೆ ಓಡಿಸಿ ಅವಳನ್ನು ಹಿಡಿಯಬೇಕಿತ್ತು. ಫ್ಲೈಓವರ್ ಏರು ಬರುವಷ್ಟರಲ್ಲಿ ನನ್ನ ಮೊಣಕಾಲಿನ ಕೀಲಿನಲ್ಲಿ ಬೆಂಕಿ ಬಿದ್ದ ಹಾಗಿತ್ತು. ಅವಳು ದೊಡ್ಡ ಹಲ್ಲುಚಕ್ರದ ಮೇಲೆ ಚೈನು ಹಾಕಿಕೊಂಡು ನಿಧಾನಕ್ಕೆ, ಒಂದೇ ಸಮನೆ ಏರುತ್ತಿದ್ದಳು.

"ಅಣ್ಣಾ, ನೋವೈತೇನು?"

"ಇಲ್ಲವ್ವ. ಆರಾಮ್ ಐತಿ."

ತಿರುಗಿ ನೋಡಿದಳು. ಮುಂದೆ ಹೋದಳು.

ಆಸ್ಪತ್ರೆಯ ಗೇಟಿನೊಳಗೆ ಅವಳು ಇಳಿಯದೆ, ಯಾರೂ ಹಿಡಿಯದೆ ಹೋದಳು. ಒಳಗೆ ಪೋರ್ಟಿಕೊ ತನಕ ಹೋಗಿ, ಪಟ್ಟಿ ಎಳೆದು ಪಾದ ಬಿಡಿಸಿಕೊಂಡು, ಬಲಗಾಲೂರಿ ನಿಂತಳು. ಅವಳ ಅಪ್ಪ ಅಲ್ಲಿ ಮೊದಲೇ ಬಂದಿದ್ದರು. ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡರು. ವಾರ್ಡಿನ ಮಕ್ಕಳು ಮಾಸ್ಕು, ಉಲನ್ ಟೋಪಿ ಹಾಕಿಕೊಂಡು ತಾಯಂದಿರ ಜೊತೆ ಸಾಲಾಗಿ ಬಂದಿದ್ದರು. ನಾನು ಪಕ್ಕದ ಕಟ್ಟೆಯ ಮೇಲೆ ಕುಸಿದು, ಎಡಗಾಲು ಚಾಚಿ, ಪ್ಯಾಂಟಿನ ಮೇಲಿಂದಲೇ ಮೊಣಕಾಲು ಒತ್ತಿಕೊಳ್ಳತೊಡಗಿದೆ.

ಗಾಲಿ ಕುರ್ಚಿಯಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಎಡಗಾಲಿಗೆ ತೊಡೆಯಿಂದ ಹಿಮ್ಮಡಿಯ ತನಕ ಪಟ್ಟಿ. ಹಿಂದೆ ಕುರ್ಚಿಯ ಹಿಡಿ ಹಿಡಿದು ಅವಳಮ್ಮ ನಿಂತಿದ್ದಳು. ನಮ್ಮ ಹುಡುಗಿ ಬಂದು ಆ ಮಗುವಿನ ಪಕ್ಕ ಬಾಗಿ, ಈ ಅಣ್ಣನದೂ ಇದೇ ಕಾಲು, ಇದೇ ಆಪರೇಷನ್ನು ಎಂದು ತೆಲುಗಿನಲ್ಲಿ ಹೇಳಿಬಿಟ್ಟಳು.

ಸಂಯೋಜಕನ ಕಿವಿಗೆ ಬಿತ್ತು. "ಅರೇ ಭಯ್ಯಾ, ಆಪ್ ಭೀ? ಪೆಹಲೇ ಬೋಲ್ನಾ ಥಾ, ಜೀಪ್ ಖಾಲೀ ಥೀ!" ನೀವೂನಾ, ಮೊದಲೇ ಹೇಳಬಾರದಿತ್ತೇ, ಜೀಪು ಖಾಲಿ ಇತ್ತಲ್ಲ ಎಂದು ಓಡಿ ಬಂದು ಮೊಬೈಲ್ ಎತ್ತಿ ಹಿಡಿದ, ನಗಿ ಅಂದ. ಎದ್ದು ಅವನಿಗೊಂದು ಕೊಡಬೇಕು ಅನ್ನಿಸಿತು. ಏಳಲು ಆಗಲಿಲ್ಲ.

"ನೊಪ್ಪಿ ಉಂದಾ ಅಂಕುಲ್?" ಅಂದಳು ಮಗು. ನೋವಿದೆಯಾ ಎಂದು.

ಅವಳ ಹಿಂದೆ ಅಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಇಲ್ಲ ಎಂಬ ಮಾತು ಎಷ್ಟು ಬೇಕಾಗಿತ್ತು ಅವಳಿಗೆ! ಸಂಯೋಜಕನಿಗೂ ಅದೇ ಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಹುಡುಗಿ ನನ್ನ ಮುಖ ನೋಡಿದಳು.

"ಉಂದಿ" ಅಂದೆ. ಇದೆ. "ಚಾಲಾ ಉಂದಿ." ಬಹಳ ಇದೆ.

ಸಂಯೋಜಕ ಮೊಬೈಲ್ ಇಳಿಸಿದ. ಮಗು ಕತ್ತು ತಿರುಗಿಸಿ ಅಮ್ಮನ ಕಡೆ ನೋಡಿದಳು.

"ನಾಕೂ ಉಂದಮ್ಮಾ" ಅಂದಳು. ನನಗೂ ಇದೆಯಮ್ಮಾ.

ಅಮ್ಮನ ಕೈ ಸೆರಗಿನ ಕಡೆ ಹೋಯಿತು, ಬಾಯಿಯ ತನಕ ಬಂತು. ಈಗ ಓಡುತ್ತಾಳೆ ಎಂದುಕೊಂಡೆ. ಓಡಲಿಲ್ಲ. ಅಳುತ್ತಲೇ ಕುರ್ಚಿಯ ಮುಂದೆ ಬಂದು, ನೆಲದ ಮೇಲೆ ಕೂತು, ಎಲ್ಲಿ ಎಂದು ಕೇಳಿದಳು. ಮಗು ಬೆರಳಿಟ್ಟು ತೋರಿಸಿದಳು.